ಸಿಂಧೂ ದಂಡೆಯ ಕುಟ್ಟುಚಿತ್ರಗಳು: ಲಡಾಖಿಗೆ ಹೊರಟವರಿಗೆ

ಲಡಾಖಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಪ್ಯಾಂಗಾಂಗ್ ಸರೋವರ, ಖರ್ದುಂಗ್ ಲಾ ನೋಡಿಕೊಂಡು ಹಿಂದಿರುಗುತ್ತಾರೆ. ಲೇಹ್–ಕಾರ್ಗಿಲ್ ಹೆದ್ದಾರಿಯಲ್ಲಿ ಸಿಂಧೂ ನದಿಯ ಜೊತೆಗೆ ಪಶ್ಚಿಮಕ್ಕೆ ಸಾಗಿದರೆ, ದಂಡೆಯ ಬಂಡೆಗಳ ಮೇಲೆ ಸಾವಿರಾರು ವರ್ಷಗಳಿಂದ ಜನರು ಮೂಡಿಸಿದ ಚಿತ್ರಗಳೂ ಬರಹಗಳೂ ಸಿಗುತ್ತವೆ. ಇವುಗಳಿಗಾಗಿಯೇ ಎರಡು ದಿನ ಮೀಸಲಿಡಿ ಎಂಬುದು ನನ್ನ ಸಲಹೆ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿರುವುದರಿಂದ, ತಲುಪಿದ ಮೊದಲ ಎರಡು ದಿನ ವಿಶ್ರಾಂತಿ ಪಡೆದ ನಂತರವೇ ಹೊರಡಿ. ಮೊದಲ ನಿಲುಗಡೆ ಆಲ್ಚಿ. ಊರಿಗೆ ತಿರುಗುವ ಸೇತುವೆಯ ಬಳಿ, ಬಿಸಿಲು–ಗಾಳಿಗೆ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳ ತೆಳುಪದರ ಕಟ್ಟಿ ಕಪ್ಪಾದ ಬಂಡೆಗಳಿವೆ. ಆ ಪದರವನ್ನು ಕಲ್ಲಿನಿಂದ ಕುಟ್ಟಿ, ಒಳಗಿನ ತಿಳಿಬಣ್ಣ ಕಾಣುವಂತೆ ಮಾಡಿಯೇ ಚಿತ್ರ ಬಿಡಿಸಿದ್ದಾರೆ. ಬಳ್ಳಾರಿಯ ಸಂಗನಕಲ್ಲು ಗುಡ್ಡ ನೋಡಿದವರಿಗೆ ಈ ವಿಧಾನ ಹೊಸದೆನಿಸದು. ಹಿಂದಕ್ಕೆ ಬಾಗಿದ ಉದ್ದ ಕೊಂಬುಗಳ ಕಾಡುಮೇಕೆ, ಅದಕ್ಕೆ ಬಿಲ್ಲು ಹೂಡಿ ನಿಂತ ಬೇಟೆಗಾರ, ಮತ್ತೊಂದು ಬಂಡೆಯಲ್ಲಿ ಸ್ತೂಪ, ಪಕ್ಕದಲ್ಲಿ ಟಿಬೆಟನ್ ಅಕ್ಷರಗಳು. ಹತ್ತಿರದಿಂದ ನೋಡಿದರೆ ಪ್ರತಿಯೊಂದು ಏಟಿನ ಗುಳಿಯೂ ಬೇರೆಬೇರೆಯಾಗಿ ಕಾಣುತ್ತದೆ, ಹಳೆಯ ಚಿತ್ರದ ಗುಳಿಗಳು ಮತ್ತೆ ಕಪ್ಪಾಗುತ್ತ ಬಂದಿರುತ್ತವೆ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಇದೇನೂ ತಿಳಿಯದು. ಬೆಳಗ್ಗೆ ಅಥವಾ ಸಂಜೆಯ ಓರೆಬೆಳಕಿಗೇ ಹೋಗಿ.

ಮುಂದಿನ ಖಲತ್ಸೆಯಲ್ಲಿ ದೊರೆತ ಖರೋಷ್ಠಿ ಎಂಬ ಪ್ರಾಚೀನ ಲಿಪಿಯ ಶಾಸನವೊಂದರಲ್ಲಿ ವಿದ್ವಾಂಸರು ಕುಷಾಣ ದೊರೆ ವಿಮ ಕಡ್ಫೀಸಸನ ಹೆಸರನ್ನು ಗುರುತಿಸಿದ್ದಾರೆ. ಅಲ್ಲಿಂದ ನದಿಯ ಜೊತೆಗೇ ಕೆಳಗಿಳಿದರೆ ಸಿಗುವ ದೊಮ್ಖರಿನಲ್ಲಿ ಚಿತ್ರಗಳು ಒತ್ತಾಗಿವೆ, ಅವುಗಳ ರಕ್ಷಣೆಯ ವ್ಯವಸ್ಥೆಯೂ ಇದೆ. ಬೇರೆಡೆ ಈ ಭಾಗ್ಯವಿಲ್ಲ. ರಸ್ತೆ, ಸೇತುವೆ, ಮನೆಗಳಿಗೆಂದು ಎಷ್ಟೋ ಬಂಡೆಗಳು ಒಡೆದುಹೋಗಿರುವುದು ನಿಜಕ್ಕೂ ನೋವಿನ ಸಂಗತಿ. ಆದ್ದರಿಂದ ಫೋಟೊ ಚೆನ್ನಾಗಿ ಬರಲೆಂದು ಗೆರೆಗಳಿಗೆ ಸೀಮೆಸುಣ್ಣ ಬಳಿಯುವುದು, ನೀರು ಸುರಿಯುವುದು, ಬಂಡೆಯ ಮೇಲೆ ಹತ್ತುವುದು ಬೇಡ.

ಬಂಡೆಗಳಿರುವ ಜಾಗ ತಿಳಿದ ಸ್ಥಳೀಯ ಚಾಲಕರನ್ನೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಎಲ್ಲೆಡೆ ಫಲಕಗಳಿಲ್ಲ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯದು, ಪೋಸ್ಟ್‌ಪೇಯ್ಡ್ ಇರಲಿ. ಪ್ಯಾಂಗಾಂಗಿಗೂ ಹೋಗುವವರು ದಾರಿಯ ತಾಂಗ್ತ್ಸೆಯಲ್ಲಿ ಇಳಿಯದೆ ಮುಂದೆ ಸಾಗಬೇಡಿ: ಅಲ್ಲಿನ ಬಂಡೆಯೊಂದರ ಮೇಲೆ ಶಿಲುಬೆಗಳಿವೆ, 9ನೇ ಶತಮಾನದಲ್ಲಿ ಸಮರ್‌ಕಂದದಿಂದ ಟಿಬೆಟಿನ ದೊರೆಯ ಬಳಿಗೆ ಹೊರಟಿದ್ದವನೊಬ್ಬನ ಸೋಗ್ಡಿಯನ್ (ಮಧ್ಯ ಏಷ್ಯಾದ ಹಳೆಯ ಭಾಷೆ) ಬರಹವೂ ಇದೆ.