ಬಾವಲಿ ನಡಿಗೆಯಲ್ಲಿ ನಿಫಾ ಮಾತು

ಬಾವಲಿ ತೋರಿಸಲು ಜನರನ್ನು ಕರೆದುಕೊಂಡು ಹೋಗುವಾಗ ಬಾವಲಿಯಿಂದ ಮನುಷ್ಯರಿಗೆ ಬರಬಹುದಾದ ನಿಫಾ ವೈರಸ್ ರೋಗದ ವಿಷಯ ತೆಗೆಯಬೇಕೋ ಬೇಡವೋ ಅಂತ ನಮ್ಮೊಳಗೇ ದೊಡ್ಡ ಚರ್ಚೆ ಆಯಿತು. ನಾವು ಅಂದರೆ ಏಳೆಂಟು ಜನ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಲೆಕ್ಚರರ್ ಒಬ್ಬರು, ಶಾಲೆಯ ಮಾಷ್ಟ್ರು, ಒಬ್ಬ ಲೈನ್‌ಮ್ಯಾನ್, ಉಳಿದವರು ನನ್ನ ಹಾಗೆ ಅಡಿಕೆ ತೋಟ ನೋಡಿಕೊಂಡು ಇರುವವರು. ಊರು ದಕ್ಷಿಣ ಕನ್ನಡದ ವಿಟ್ಲದಿಂದ ಸ್ವಲ್ಪ ಒಳಗೆ, ಕೇರಳದ ಗಡಿಗೆ ಹತ್ತಿರ. ಸಂಘ, ರಸೀದಿ ಪುಸ್ತಕ, ಬ್ಯಾನರ್ ಏನೂ ಇಲ್ಲ. ಬನದ ಮರದ ಬಾವಲಿಗಳನ್ನು ಆಗಾಗ ಎಣಿಸುತ್ತೇವೆ, ಬಲೆಗೆ ಸಿಕ್ಕಿಕೊಂಡದ್ದು ಕಂಡರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡುತ್ತೇವೆ, ಬೇಸಿಗೆಯ ಸಂಜೆ ಬರುವ ಮನಸ್ಸಿದ್ದವರನ್ನು ನಡೆಸಿಕೊಂಡು ಹೋಗಿ ತೋರಿಸುತ್ತೇವೆ.

ಆದರೆ ಈ ಮಾರ್ಚ್ ತಿಂಗಳ ನಡಿಗೆ ಇಟ್ಟದ್ದು ಬೇರೆ ಕಾರಣಕ್ಕೆ. ಬನದ ಗೋಳಿ ಮರ ಕಡಿಸಬೇಕು, ಅದು ಆಗದಿದ್ದರೆ ಜಾತ್ರೆಯ ಗರ್ನಾಲು, ಅಂದರೆ ದೊಡ್ಡ ಸದ್ದಿನ ಪಟಾಕಿ, ಅಲ್ಲಿಯೇ ಹೊಡೆದಾದರೂ ಬಾವಲಿ ಓಡಿಸಬೇಕು ಅಂತ ಕೆಲವು ಮನೆಯವರು ಹಟ ಹಿಡಿದಿದ್ದರು. ಬನ ಅಂದರೆ ನಾಗಬನ. ಹಿಂದೆ ಬನದ ಮರಕ್ಕೆ ಕೊಡಲಿ ಹಾಕುವ ಮಾತೇ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಈಗ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಡೆ ಮರ ತೆಗೆದು ಕಾಂಕ್ರೀಟ್ ಕಟ್ಟೆ ಕಟ್ಟಿ ಟೈಲ್ಸ್ ಹಾಕಿದ್ದಾರೆ. ಹಾಗಾಗಿ ಆ ಮಾತು ಆಡುವುದು ಕಷ್ಟ ಇಲ್ಲ ಅಂತ ಆಗಿದೆ. ನನಗೆ ಇದು ಬಹಳ ಬೇಸರದ ವಿಷಯ.

ಲೆಕ್ಚರರ್ ಹೇಳಿದ್ದು ಹೀಗೆ: "ಜನ ಬರುದೇ ಹೆದರಿಕೊಂಡು. ಅಂಥದ್ದರಲ್ಲಿ ನಾವೇ ರೋಗದ ಹೆಸರು ಎತ್ತಿದ್ರೆ ಮರುದಿನವೇ ಮರ ಬೀಳ್ತದೆ." ನನಗೆ ಅದು ಸರಿ ಕಾಣಲಿಲ್ಲ. 2018ರಲ್ಲಿ ಕೋಝಿಕ್ಕೋಡ್, ಮಲಪ್ಪುರಂ ಕಡೆ 17 ಜನ ತೀರಿಕೊಂಡದ್ದು ಇಲ್ಲಿ ಯಾರಿಗೆ ಗೊತ್ತಿಲ್ಲ? ರೋಗಿಯನ್ನು ನೋಡಿಕೊಂಡು ತಾನೂ ತೀರಿಕೊಂಡ ನರ್ಸ್ ಲಿನಿಯ ಫೋಟೋ ಕಂಡು ನಮ್ಮ ಮನೆಗಳಲ್ಲೂ ಅತ್ತಿದ್ದಾರೆ. ಆ ವರ್ಷ ಮಂಗಳೂರಿನಲ್ಲೂ ಶಂಕೆ ಹುಟ್ಟಿ, ಪರೀಕ್ಷೆಯಲ್ಲಿ ನೆಗೆಟಿವ್ ಬಂದ ಮೇಲೆಯೇ ಜನ ಉಸಿರು ಬಿಟ್ಟದ್ದು. ಇಷ್ಟೆಲ್ಲ ತಿಳಿದವರ ಎದುರು ನಿಂತು ಬಾವಲಿ ಪಾಪದ ಪ್ರಾಣಿ, ಏನೂ ಮಾಡುವುದಿಲ್ಲ ಅಂದರೆ, ಮುಂದಿನ ಸಲ ಟಿವಿಯಲ್ಲಿ ಸುದ್ದಿ ಬಂದ ದಿನ ನಮ್ಮ ಮಾತಿಗೆ ಕಿಮ್ಮತ್ತು ಉಳಿಯುತ್ತದಾ? ಎಲ್ಲವನ್ನೂ ಹೇಳೋಣ, ನಡಿಗೆ ಶುರುವಾಗುವ ಮೊದಲೇ ಹೇಳೋಣ ಅಂತ ನಾನು ಪಟ್ಟು ಹಿಡಿದೆ. ಮಾಷ್ಟ್ರು ನನ್ನ ಕಡೆ ನಿಂತರು.

ಭಾನುವಾರ ಸಂಜೆ ಶಾಲೆಯ ಜಗಲಿಯಲ್ಲಿ ಮೂವತ್ತರ ಹತ್ತಿರ ಜನ ಸೇರಿದರು. ಅರ್ಧ ಮಕ್ಕಳು. ಮರ ಕಡಿಸಬೇಕು ಅಂದವರೂ ಬಂದಿದ್ದರು. ಅವರು ಬಂದದ್ದೇ ನನಗೆ ಖುಷಿ.

ಲೆಕ್ಚರರೇ ಕೊನೆಗೆ ಮಾತು ಶುರು ಮಾಡಿದರು, ಚೆನ್ನಾಗಿಯೇ ಹೇಳಿದರು. ನಿಫಾ ಮೊದಲು ಗೊತ್ತಾದದ್ದು 1998-99ರಲ್ಲಿ, ಮಲೇಷ್ಯಾದಲ್ಲಿ. ಹಂದಿ ಸಾಕುವ ಜಾಗದ ಪಕ್ಕದಲ್ಲೇ ಮಾವಿನ ಮರ ಬೆಳೆಸಿದ್ದರು. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿ ತಿಂದಿತು, ಹಂದಿಯಿಂದ ಮನುಷ್ಯರಿಗೆ ಬಂತು, ನೂರಕ್ಕೂ ಹೆಚ್ಚು ಜನ ಸತ್ತರು. ಬಾಂಗ್ಲಾದೇಶದಲ್ಲಿ ಅದು ಬರುವುದು ಮುಖ್ಯವಾಗಿ ಖರ್ಜೂರದ ಜಾತಿಯ ಮರದಿಂದ ಇಳಿಸಿದ ಹಸಿ ರಸದಿಂದ. ರಾತ್ರಿ ಮಡಕೆ ಕಟ್ಟಿರುತ್ತಾರೆ, ಬಾವಲಿ ಬಂದು ಆ ರಸ ನೆಕ್ಕುತ್ತದೆ, ಉಚ್ಚೆ ಹೊಯ್ಯುತ್ತದೆ, ಬೆಳಿಗ್ಗೆ ಕಾಯಿಸದೆ ಹಾಗೇ ಕುಡಿಯುತ್ತಾರೆ. ಮಡಕೆಯ ಬಾಯಿಗೆ, ಕೆತ್ತಿದ ಜಾಗಕ್ಕೆ ಬಿದಿರಿನ ತಟ್ಟಿ ಸುತ್ತಿದರೆ ಬಾವಲಿ ಮುಟ್ಟಲಾಗುವುದಿಲ್ಲ ಅಂತ ಅಲ್ಲಿ ಮಾಡಿಯೇ ನೋಡಿದ್ದಾರೆ. ಇನ್ನು ಕೇರಳದ ವಿಷಯ. 2018ರಲ್ಲಿ ಸತ್ತವರಲ್ಲಿ ಹೆಚ್ಚಿನವರಿಗೆ ರೋಗ ಅಂಟಿದ್ದು ಆಸ್ಪತ್ರೆಯಲ್ಲಿ, ಮನುಷ್ಯರಿಂದ ಮನುಷ್ಯರಿಗೆ. ಮೊದಲು ಕಾಯಿಲೆ ಬಿದ್ದ ಮನೆಯ ಬಾವಿಯಲ್ಲಿ ಸಿಕ್ಕಿದ ಸಣ್ಣ ಬಾವಲಿಗಳಲ್ಲಿ ವೈರಸ್ ಇರಲಿಲ್ಲ. ಆಮೇಲೆ ಆ ಪ್ರದೇಶದಲ್ಲಿ ಹಿಡಿದ ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಸಿಕ್ಕಿತು. ಅಂದರೆ ನಮ್ಮ ಬನದ ಮರದಲ್ಲಿ ಇರುವ ಜಾತಿಯೇ. ಇದನ್ನೂ ಅವರು ಮುಚ್ಚಿಡಲಿಲ್ಲ.

ಜಗಲಿಯಲ್ಲಿ ಯಾರೂ ಎದ್ದು ಹೋಗಲಿಲ್ಲ. ಬದಲಿಗೆ ಪ್ರಶ್ನೆ ಶುರುವಾಯಿತು. ಗಿಳಿ ಕಚ್ಚಿದ್ದೋ ಬಾವಲಿ ಕಚ್ಚಿದ್ದೋ ಅಂತ ತಿಳಿಯುವುದು ಹೇಗೆ? ತಿಳಿಯುವುದು ಬೇಡ, ಕಚ್ಚಿದ ಹಣ್ಣು ಯಾವುದನ್ನೂ ತಿನ್ನಬೇಡಿ. ಬಾವಲಿ ಮನೆಯೊಳಗೆ ಬಂದರೆ? ದೀಪ ಆರಿಸಿ, ಕಿಟಕಿ ಬಾಗಿಲು ತೆರೆದಿಡಿ, ಅದೇ ಹೋಗುತ್ತದೆ. ಅಪಶಕುನ ಏನೂ ಇಲ್ಲ, ದಾರಿ ತಪ್ಪಿ ಬಂದದ್ದು ಅಷ್ಟೇ. ನೆಲಕ್ಕೆ ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬಾರದು. ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಉಬ್ಬಸಕ್ಕೆ ಔಷಧಿ ಅಂತ ಹೇಳಿ ಬಾವಲಿ ಹೊಡೆದು ತಿನ್ನುವುದಿದೆಯಲ್ಲ, ಅದರಿಂದ ಉಬ್ಬಸ ಹೋಗುವುದಿಲ್ಲ, ಕೊಯ್ಯುವವರ ಕೈಗೆ ಅಪಾಯ ಬರುತ್ತದೆ.

ಆಗ ಬನದ ಪಕ್ಕದ ಮನೆಯವರು ಎದ್ದು ನಿಂತು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಅಲ್ಲ ಮಾರಾಯ್ರೆ, ನೀವು ಬಾವಲಿ ನೋಡಿ ಮನೆಗೆ ಹೋಗುದು. ನಾವು ಅದರ ಅಡಿಯಲ್ಲೇ ಮಲಗುದು. ನಮ್ಮ ಬಾವಿಗೆ ಮುಚ್ಚಿಗೆ ಇಲ್ಲ. ಮನೆಯಲ್ಲಿ ಎರಡು ಸಣ್ಣ ಮಕ್ಕಳು ಉಂಟು. ನಾವು ಎಂತ ಮಾಡುದು?"

ಇದಕ್ಕೆ ಬಾವಲಿಯ ಉಪಯೋಗಗಳ ಪಟ್ಟಿ ಓದಿ ಉತ್ತರ ಕೊಡಲು ಆಗುವುದಿಲ್ಲ. ಅವರ ಹೆದರಿಕೆಯಲ್ಲಿ ಅಜ್ಞಾನ ಏನೂ ಇಲ್ಲ, ತೆರೆದ ಬಾವಿ ಇದೆ. ಬಾವಿಗೆ ಬಲೆ ಹಾಕಿ ಮುಚ್ಚುವುದು, ನೀರು ಕುದಿಸಿ ಕುಡಿಯುವುದು, ಅಂಗಳದಲ್ಲಿ ಬಿದ್ದದ್ದನ್ನು ಮಕ್ಕಳು ಹೆಕ್ಕದ ಹಾಗೆ ನೋಡಿಕೊಳ್ಳುವುದು, ಇದೆಲ್ಲ ಆಗಬೇಕಾದ ಕೆಲಸ ಅಂತ ಮಾಷ್ಟ್ರು ಹೇಳಿದರು. ಲೈನ್‌ಮ್ಯಾನ್ ಅಣ್ಣ ಅಲ್ಲಿಯೇ ಎದ್ದು, "ಮುಂದಿನ ಭಾನುವಾರ ನಾವೇ ಬಂದು ಕಟ್ಟಿ ಕೊಡ್ತೇವೆ" ಅಂದರು.

ಮರ ಕಡಿದರೆ ಏನಾಗುತ್ತದೆ ಅನ್ನುವುದನ್ನು ನಾನು ಹೇಳಿದೆ. ಆಸ್ಟ್ರೇಲಿಯಾದಲ್ಲಿ ನಿಫಾಕ್ಕೆ ಹತ್ತಿರದ ಹೆಂಡ್ರಾ ಅಂತ ಒಂದು ವೈರಸ್ ಇದೆ, ಬಾವಲಿಯಿಂದ ಕುದುರೆಗೆ ಬರುತ್ತದೆ. 1996ರಿಂದ 2020ರ ತನಕದ ಮಾಹಿತಿ ಜೋಡಿಸಿ ನೋಡಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಚಳಿಗಾಲದಲ್ಲಿ ಹೂ ಬಿಡುವ ಕಾಡನ್ನು ಕಡಿದಂತೆ ಬಾವಲಿಗಳು ಹೊಟ್ಟೆಪಾಡಿಗೆ ಊರು, ಹೊಲಗಳ ಪಕ್ಕ ಬಂದು ನೆಲೆಸಿದವು. ಅವಕ್ಕೆ ಆಹಾರ ಸಿಗದೆ ಹೋದ ಕಾಲದ ಬೆನ್ನಿಗೇ ಕುದುರೆಗಳಿಗೆ ರೋಗ ಜಾಸ್ತಿ ಬಂತು. ಉಳಿದ ಕಾಡು ಚೆನ್ನಾಗಿ ಹೂ ಬಿಟ್ಟ ಚಳಿಗಾಲದಲ್ಲಿ ಬಾವಲಿಗಳು ಅಲ್ಲಿಗೆ ಹೋದವು, ರೋಗ ದಾಟಲಿಲ್ಲ. ಹಸಿದು ಬೆದರಿದ ಬಾವಲಿ ವೈರಸ್ಸನ್ನು ಹೊರಗೆ ಬಿಡುವುದು ಜಾಸ್ತಿ. ಬನದಿಂದ ಓಡಿಸಿದರೆ ಅವು ಮಾಯವಾಗುವುದಿಲ್ಲ, ಹತ್ತು ತೋಟಗಳಲ್ಲಿ ಹಂಚಿಹೋಗಿ ಕೂರುತ್ತವೆ. ಅದರಲ್ಲೂ ಇದು ಮರಿ ಹಾಕುವ ಕಾಲ. ವರ್ಷಕ್ಕೆ ಒಂದೇ ಮರಿ, ಅದೂ ಅಮ್ಮನ ಎದೆಗೆ ಅಂಟಿಕೊಂಡಿರುತ್ತದೆ. ಈಗ ಗರ್ನಾಲು ಹೊಡೆದರೆ ಮರಿ ಬೀಳುವುದು ಅವರ ಅಂಗಳಕ್ಕೇ.

ಆರೂವರೆ ಹೊತ್ತಿಗೆ ಗದ್ದೆಗೆ ಇಳಿದೆವು. ಟಾರ್ಚುಗಳಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿದ್ದೆವು. ಬನದ ಅಡಿಗೆ ಹೋಗುವ ಕ್ರಮ ನಮ್ಮಲ್ಲಿ ಇಲ್ಲ, ಗದ್ದೆಯ ಬದುವಿನಲ್ಲಿ ದೂರದಿಂದಲೇ ನೋಡುವುದು. ಮೊದಲು ಕಾಣಿಸಿದ್ದು ಹುಳ ಹಿಡಿಯುವ ಸಣ್ಣ ಬಾವಲಿಗಳು. ಲೆಕ್ಚರರ್ ಹತ್ತಿರ ಡಿಟೆಕ್ಟರ್ ಇದೆ, ಮೊಬೈಲಿಗಿಂತ ಸ್ವಲ್ಪ ದಪ್ಪದ ಪೆಟ್ಟಿಗೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ತನಕ ಕೇಳಿಸಿದರೆ ಹೆಚ್ಚು. ಇವು ಕೂಗುವುದು 40, 50ರಲ್ಲಿ. ಪೆಟ್ಟಿಗೆ ಅದನ್ನು ಇಳಿಸಿ ನಮಗೆ ಕೇಳುವ ಹಾಗೆ ಮಾಡುತ್ತದೆ. ಟಕ್ ಟಕ್ ಅಂತ ಬರುತ್ತಿದ್ದ ಸದ್ದು ಒಮ್ಮೆಲೇ ಬಟ್ಟೆ ಹರಿದ ಹಾಗೆ ಒತ್ತೊತ್ತಾಗಿ ಬಂದು ನಿಂತಿತು. ಹುಳ ಸಿಕ್ಕಿತು ಅಂತ ಅರ್ಥ. ಮಕ್ಕಳು ಪೆಟ್ಟಿಗೆಗೆ ಮುಗಿಬಿದ್ದರು, ಲೆಕ್ಕ ಇಟ್ಟರು, ಇನ್ನೊಂದು ಸಿಕ್ಕಿತು, ಮತ್ತೊಂದು ಸಿಕ್ಕಿತು ಅಂತ.

ಏಳು ಗಂಟೆಯ ಆಚೀಚೆ ಬನದಿಂದ ದೊಡ್ಡವು ಹೊರಟವು. ಎಣಿಸುವ ಕ್ರಮ ಸುಲಭ. ಆಕಾಶವನ್ನು ನಾಲ್ಕು ಪಾಲು ಮಾಡಿ ಪಾಲಿಗೆ ಇಬ್ಬರು, ಒಬ್ಬರು ನೋಡಿ ಹೇಳುವುದು, ಒಬ್ಬರು ಬರೆಯುವುದು. ಈ ದೊಡ್ಡ ಬಾವಲಿ ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ ಬರುತ್ತದೆ. ಇದಕ್ಕೆ ಆ ಕೂಗಿನ ವಿದ್ಯೆ ಇಲ್ಲ, ಕಣ್ಣಲ್ಲೇ ನೋಡಿ, ಮೂಸಿ ಹಣ್ಣು ಹುಡುಕುತ್ತದೆ. ಹಾಗಾಗಿ ಡಿಟೆಕ್ಟರಿನಲ್ಲಿ ಏನೂ ಕೇಳಿಸುವುದಿಲ್ಲ ಅಂದಾಗ ಒಬ್ಬ ಹುಡುಗನಿಗೆ ನಂಬಿಕೆಯೇ ಬರಲಿಲ್ಲ, ಪೆಟ್ಟಿಗೆ ಮೇಲೆತ್ತಿ ಹಿಡಿದುಕೊಂಡೇ ನಿಂತ. ಇನ್ನೂರಕ್ಕೂ ಜಾಸ್ತಿ ಹೋದವು. ಬನದ ಪಕ್ಕದ ಮನೆಯವರಿಗೆ ಪಡುವಣ ದಿಕ್ಕಿನ ಪಾಲು ಕೊಟ್ಟಿದ್ದೆವು, ಅವರ ಲೆಕ್ಕವೇ ಎಲ್ಲರಿಗಿಂತ ಚೊಕ್ಕ ಇತ್ತು.

ಕಾನೂನಿನ ವಿಷಯ ಅಲ್ಲಿಯೇ ಬಂತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣಿನ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಿ ಪ್ರಾಣಿಗಳ ಪಟ್ಟಿಗೆ ಹಾಕಿದ್ದರು. ಯಾರು ಕೊಂದರೂ ಕೇಳುವವರಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಐವತ್ತು ವರ್ಷ ಬೇಕಾಯಿತು ಅದಕ್ಕೆ. ಹಾಗಿದ್ದೂ ಬಾವಲಿ ಹೊಡೆದರೆ ಏನೂ ಆಗುವುದಿಲ್ಲ ಅಂತಲೇ ಇವತ್ತಿಗೂ ಜನ ತಿಳಿದುಕೊಂಡಿದ್ದಾರೆ.

ಹಿಂದೆ ಬರುವಾಗ ಗುಡ್ಡೆಯ ಗೇರು ಮರಗಳ ಅಡಿಯಲ್ಲಿ ನಿಂತೆವು. ಬಾವಲಿ ಗೇರುಹಣ್ಣು ಕಿತ್ತುಕೊಂಡು ಬೇರೆ ಮರಕ್ಕೆ ಹೋಗಿ ರಸ ಹೀರಿ ಬೀಜ ಬೀಳಿಸುತ್ತದೆ. ಅಡಿಕೆಯದ್ದೂ ಹಾಗೇ. ಜೊತೆಗೆ ಬಂದಿದ್ದ ಅಜ್ಜಿಯೊಬ್ಬರು, "ನನ್ನ ಅತ್ತೆಯ ಕಾಲದಿಂದ ಹೆಕ್ಕುತ್ತಾ ಇದ್ದೇವೆ ಮಗಾ, ಈಗ ಬಿಡಬೇಕಾ?" ಅಂತ ನನ್ನನ್ನೇ ಕೇಳಿದರು. ಕೈಗೆ ಗ್ಲೌಸ್ ಹಾಕಿ ಹೆಕ್ಕಿ, ಹಣ್ಣು ಅಂಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ, ಬೀಜವನ್ನು ಬಿಸಿಲಿಗೆ ಹಾಕಿ, ಕೈ ಚೆನ್ನಾಗಿ ತೊಳೆಯಿರಿ, ಹಣ್ಣು ಮಾತ್ರ ಬೇಡ ಅಂದೆ. ಒಳಗಿನ ತಿರುಳು ಗಟ್ಟಿ ಸಿಪ್ಪೆಯ ಒಳಗೆ ಇರುತ್ತದೆ, ಹುರಿಯದೆ ಯಾರೂ ತಿನ್ನುವುದೂ ಇಲ್ಲ. ಅಲ್ಲಿಯೇ ನೆಲದಲ್ಲಿ ಅಗಿದು ಉಗುಳಿದ ನಾರಿನ ಉಂಡೆಗಳು ಬಿದ್ದಿದ್ದವು. ಬಾವಲಿ ಬಾಯಲ್ಲೇ ತಿಂದು ಬಾಯಲ್ಲೇ ಹೇಲುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದು ಹುಟ್ಟಿದ್ದು ಈ ಉಂಡೆ ನೋಡಿಯೇ ಇರಬೇಕು. ರಸ ನುಂಗಿ ನಾರು ಉಗುಳುವುದು ಅದರ ಕ್ರಮ. ಟಾರ್ಚ್ ಬಿಟ್ಟು ತೋರಿಸಿದೆ, ಅಜ್ಜಿ ಬಗ್ಗಿ ನೋಡಿ ನಕ್ಕರು.

ಕೊನೆಗೆ ಸುರಂಗ. ನಮ್ಮ ಕಡೆ ನೀರಿಗೆ ಗುಡ್ಡೆ ಕೊರೆದು ಮಾಡಿದ ಸುರಂಗಗಳು ಬಹಳ. ಬೋರ್‌ವೆಲ್ ಬಂದ ಮೇಲೆ ಕೆಲವನ್ನು ಬಿಟ್ಟಿದ್ದಾರೆ, ಬಾವಲಿಗಳಿಗೆ ಅದೇ ಮನೆ. ಒಳಗೆ ಯಾರನ್ನೂ ಬಿಡುವುದಿಲ್ಲ. ಬಾಯಿಯಿಂದ ದೂರ ನಿಂತು ಡಿಟೆಕ್ಟರನ್ನು 80 ಕಿಲೋಹರ್ಟ್ಸ್ ಆಸುಪಾಸಿಗೆ ತಿರುಗಿಸಿದರೆ ಕುದುರೆಲಾಳದ ಆಕಾರದ ಮೂಗಿನ ಬಾವಲಿಯ ಕೂಗು ಸಿಗುತ್ತದೆ, ಟಕ್ ಟಕ್ ಅಲ್ಲ, ಎಳೆದು ಎಳೆದು ಬರುವ ಸಿಳ್ಳು. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಕಾಣಸಿಗುವ ಒಂದು ಬಾವಲಿ ಜಾತಿ ಇದೆ, ಸುತ್ತಲಿನ ಕಲ್ಲು ಗಣಿಗಾರಿಕೆಯಿಂದ ಅದು ಅಳಿವಿನ ಅಂಚಿಗೆ ಬಂದದ್ದು ಅಂತ ಮಾಷ್ಟ್ರು ಮಕ್ಕಳಿಗೆ ಹೇಳಿದರು. ಒಂದು ಗುಹೆ ಹೋದರೆ ಒಂದು ಜಾತಿಯೇ ಹೋಯಿತು. ನಮ್ಮ ಸುರಂಗಕ್ಕೆ ಮಣ್ಣು ತುಂಬಿಸಬೇಕು ಅಂತ ಹೊರಟವರೂ ಆ ಗುಂಪಿನಲ್ಲಿದ್ದರು, ಅವರು ಕೇಳಿಸಿಕೊಳ್ಳಲಿ ಅಂತಲೇ ನಾನು ಇನ್ನೊಮ್ಮೆ ಹೇಳಿಸಿದೆ.

ಬಾವಿಗೆ ಬಲೆ ಹೇಳಿದ ದಿನವೇ ಕಟ್ಟಿದೆವು. ಬನದ ಪಕ್ಕದ ಮನೆಯವರು ಚಾ ಕೊಟ್ಟರು. ಮರ ಇರಲಿ ಅಂತ ಅವರು ಬಾಯಿಬಿಟ್ಟು ಹೇಳಿಲ್ಲ, ನಾವೂ ಕೇಳಿಲ್ಲ. ಜಾತ್ರೆ ಸಮಿತಿಯವರು ಈ ವರ್ಷ ಗರ್ನಾಲನ್ನು ಶಾಲೆಯ ಆಚೆಗಿನ ಮೈದಾನದಲ್ಲಿ ಹೊಡೆಸಲು ಒಪ್ಪಿದರು. ಬರುವ ವರ್ಷಕ್ಕೆ ಮತ್ತೆ ಹೋಗಿ ಕೇಳಬೇಕು.

ಉಳಿದಿರುವುದು ರಂಬುಟಾನ್ ಹಣ್ಣಿನ ತೋಟಗಳ ವಿಷಯ. ಹಣ್ಣಾಗುವ ಹೊತ್ತಿಗೆ ತೋಟಗಳಲ್ಲಿ ತೆಳು ನೈಲಾನ್ ಬಲೆ ಸಡಿಲವಾಗಿ ಹೊದಿಸುತ್ತಾರೆ, ಬಾವಲಿ ಸಿಕ್ಕಿಕೊಂಡು ರಾತ್ರಿಯಿಡೀ ಒದ್ದಾಡಿ ಸಾಯುತ್ತದೆ. ಬಿಡಿಸಲು ಹೋದವರಿಗೆ ಕಚ್ಚುವುದೂ ಆಗಲೇ. ಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆಯನ್ನು ಕಂಬಕ್ಕೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣ್ಣೂ ಉಳಿಯುತ್ತದೆ, ಬಾವಲಿಯೂ ಸಿಕ್ಕಿಕೊಳ್ಳುವುದಿಲ್ಲ. ಖರ್ಚು ಜಾಸ್ತಿ ಅನ್ನುವುದೊಂದೇ ತಕರಾರು. ಇಬ್ಬರು ಬೆಳೆಗಾರರು ನೋಡುವ ಅಂದಿದ್ದಾರೆ, ಕಂಬ ನೆಡುವ ಕೆಲಸ ನಮ್ಮದು ಅಂತ ನಾವು ಒಪ್ಪಿಕೊಂಡಿದ್ದೇವೆ. ಮಳೆ ಹಿಡಿಯುವ ಮೊದಲು ಮುಗಿಸಬೇಕು.