ಒಬ್ಬಳೇ 120 ಕಿಲೋಮೀಟರ್: ಎಂಟು ವಾರದ ದಿನಚರಿ

ವಾರ 1

ಇಲ್ಲಿಯವರೆಗೆ ಒಂದೇ ಸಲಕ್ಕೆ ನಾನು ಸೈಕಲ್ ತುಳಿದದ್ದು ಜಾಸ್ತಿ ಅಂದರೆ 35 ಕಿ.ಮೀ. ಅದೂ ಗೆಳತಿಯರ ಜೊತೆ. ಎಂಟನೇ ವಾರದ ಭಾನುವಾರ ಒಬ್ಬಳೇ 120 ಕಿ.ಮೀ. ಹೋಗಿಬರಬೇಕು ಅಂತ ತೀರ್ಮಾನ ಮಾಡಿದ್ದೇನೆ. ಬರೆದಿಟ್ಟರೆ ಹಿಂದೆ ಸರಿಯೋಕೆ ಮನಸ್ಸು ಬರುವುದಿಲ್ಲ, ಅದಕ್ಕೇ ಈ ದಿನಚರಿ.

ವಾರದಲ್ಲಿ ಎರಡು ದಿನ ಒಂದೊಂದು ಗಂಟೆ. ಭಾನುವಾರ ಒಂದು ಉದ್ದ ಸವಾರಿ. ಈ ವಾರ 40 ಆಯಿತು, ಸುಸ್ತೇನೂ ಅನಿಸಲಿಲ್ಲ.

ವಾರ 2

50 ಕಿ.ಮೀ. ಮುಗಿಯುವಷ್ಟರಲ್ಲಿ ಎರಡೂ ಮಂಡಿಗಳ ಮುಂಭಾಗದಲ್ಲಿ ನೋವು. ಸೀಟು ತಗ್ಗಾದರೆ ಮಂಡಿಯ ಮುಂದೆ ನೋಯುತ್ತದೆ, ಎತ್ತರವಾದರೆ ಹಿಂದೆ. ನನ್ನದು ತಗ್ಗಾಗಿತ್ತು. ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಹಾಗೆ ನೋಡಿಕೊಂಡು ಸುಮಾರು ಎರಡು ಬೆರಳಗಲ ಏರಿಸಿದೆ. ಎರಡು ದಿನಕ್ಕೆ ನೋವು ಹೋಯಿತು.

ವಾರ 3

60. ಮಂಡಿ ಸುಮ್ಮನಾಯಿತು, ಈಗ ಕೈಯ ಸರದಿ. 45 ದಾಟಿದ ಮೇಲೆ ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದವು. ಮನೆಗೆ ಬಂದು ಅಂಗಿಯ ಗುಂಡಿ ಬಿಚ್ಚೋಕೂ ಒದ್ದಾಡಿದೆ. ನಿಜಕ್ಕೂ ಹೆದರಿಕೆಯಾಯಿತು.

ಅಂಗೈಯಲ್ಲಿ ಕಿರುಬೆರಳಿನ ಕಡೆ ಅಲ್ನಾರ್ ಅನ್ನುವ ನರ ಹಾದುಹೋಗುತ್ತದೆ. ಮೈಭಾರ ಅದರ ಮೇಲೆ ಬಹಳ ಹೊತ್ತು ಬಿದ್ದರೆ ಹೀಗಾಗುತ್ತದೆ. ಹಾಗಾದರೆ ಭಾರ ಕೈಮೇಲೆ ಯಾಕೆ ಬಿತ್ತು? ಸೀಟಿನ ಮೇಲೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಹಿಂದಕ್ಕೆ ಓಡಿತು. ಅಂದರೆ ಸೀಟಿನ ಮೂತಿ ಮುಂದಕ್ಕೆ ಬಾಗಿತ್ತು. ಗೊತ್ತಿಲ್ಲದಂತೆ ನಾನು ಮುಂದಕ್ಕೆ ಜಾರುತ್ತಿದ್ದೆ, ಜಾರದಂತೆ ಕೈಗಳು ತಡೆಯುತ್ತಿದ್ದವು. ಮೂರು ಗಂಟೆ ಹೊತ್ತು! ಗುಳ್ಳೆ ನಡುವೆ ನಿಲ್ಲುವವರೆಗೆ ಮೂತಿ ಎತ್ತಿ ಬೋಲ್ಟ್ ಬಿಗಿ ಮಾಡಿದೆ.

ವಾರ 4

ಉದ್ದ ಸವಾರಿಗೆ ಬಿಡುವು, ಬರೀ 40. ಉಳಿದ ಹೊತ್ತಿನಲ್ಲಿ ಪಂಕ್ಚರ್ ಹಾಕುವುದನ್ನು ಕಲಿತೆ. ಹಿಂದಿನ ಚಕ್ರವನ್ನು ಐದು ಸಲ ಬಿಚ್ಚಿ ಹಾಕಿದೆ. ಮೊದಲ ಸಲ 40 ನಿಮಿಷ, ಐದನೇ ಸಲ 14. ಒಬ್ಬಳೇ ಹೋಗುವವಳಿಗೆ ಕಾಲಿನ ಬಲಕ್ಕಿಂತ ಇದೇ ಹೆಚ್ಚು ಧೈರ್ಯ ಕೊಡುತ್ತದೆ ಅಂತ ನನಗನಿಸುತ್ತದೆ.

ವಾರ 5

70. ಇಷ್ಟು ದಿನದಲ್ಲಿ ಇದೇ ಕೆಟ್ಟ ದಿನ. ಹಸಿವಾಗಲಿಲ್ಲ ಅಂತ ಎರಡೂವರೆ ಗಂಟೆ ಏನೂ ತಿನ್ನಲಿಲ್ಲ. 52ನೇ ಕಿ.ಮೀ. ಹತ್ತಿರ ಕಾಲಿನ ಶಕ್ತಿ ಒಮ್ಮೆಲೇ ಸೋರಿಹೋಯಿತು. ಕೈ ನಡುಕ, ತಣ್ಣನೆ ಬೆವರು, ಸುಮ್ನೆ ಅಳು ಬೇರೆ. ಮರದ ಬುಡದಲ್ಲಿ ಅರ್ಧ ಗಂಟೆ ಕೂತು ಚೀಲದಲ್ಲಿದ್ದ ಖರ್ಜೂರ ತಿಂದ ಮೇಲೆ ಜೀವ ಬಂತು.

ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ, ಜೋರಾಗಿ ತುಳಿದರೆ ಒಂದೂವರೆ ಎರಡು ಗಂಟೆಗೆಲ್ಲ ಬರಿದಾಗುತ್ತಾ ಬರುತ್ತದೆ. ಹಸಿವು ಅದಕ್ಕಿಂತ ತಡವಾಗಿ ಬರಬಹುದು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಇನ್ನು ಮೇಲೆ ಹೊಟ್ಟೆಯ ಮಾತು ಕೇಳುವುದಿಲ್ಲ, ಗಡಿಯಾರದ ಮಾತು ಕೇಳುತ್ತೇನೆ. ಪ್ರತಿ ಅರ್ಧ ಗಂಟೆಗೆ ಫೋನ್ ಕೂಗುವ ಹಾಗೆ ಅಲಾರಂ ಇಟ್ಟಿದ್ದೇನೆ.

ವಾರ 6

85. ವಾಪಸ್ ಬರುವಾಗ ಪೂರ್ತಿ ಎದುರುಗಾಳಿ. ಗಾಳಿಯೊಂದಿಗೆ ಗುದ್ದಾಡಿ ಉಪಯೋಗವಿಲ್ಲ. ನಾನು 20ರ ವೇಗದಲ್ಲಿರುವಾಗ ಎದುರಿಗೆ 15ರ ಗಾಳಿ ಬೀಸಿದರೆ, ಮುಖಕ್ಕೆ ಬಡಿಯುವುದು 35ರ ಗಾಳಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಅದು ಮೂರು ಪಟ್ಟು. ಇದು ಗೊತ್ತಾದ ಮೇಲೆ ವೇಗ ನೋಡುವುದನ್ನೇ ಬಿಟ್ಟೆ. ಗೇರ್ ಇಳಿಸಿ, ನಿಮಿಷಕ್ಕೆ 80 ಸುತ್ತಿನ ತಾಳ ಹಿಡಿದೆ. ಅಲಾರಂ ಕೂಗಿದಾಗಲೆಲ್ಲ ತಿಂದೆ. ಕೈಗೆ ಜೋಮು ಹಿಡಿಯಲಿಲ್ಲ.

ವಾರ 7

50, ಅಷ್ಟೇ. ಚೈನ್ ಒರೆಸಿ ಎಣ್ಣೆ ಬಿಟ್ಟೆ, ಬ್ರೇಕ್ ನೋಡಿದೆ. ಚೆನ್ನಾಗಿ ನಿದ್ದೆ ಮಾಡಿದೆ.

ವಾರ 8, ಭಾನುವಾರ

ಬೆಳಗ್ಗೆ ಐದೂವರೆಗೆ ಹೊರಟೆ. ಹಿಂದೆ ಮುಂದೆ ಲೈಟು, ಎರಡು ಬಾಟಲಿ ನೀರು, ಒಂದರಲ್ಲಿ ಚಿಟಿಕೆ ಉಪ್ಪು. ಬೆಳಗಿನ ಹೊತ್ತು ಗಾಳಿ ಇರಲಿಲ್ಲ. ಚೈನಿನ ಸಣ್ಣ ಸದ್ದು, ಟೈರು ರಸ್ತೆಗೆ ಉಜ್ಜುವ ಸದ್ದು, ಅಷ್ಟೇ ಕೇಳುತ್ತಿದ್ದದ್ದು. ಜೊತೆಗೆ ಯಾರಾದರೂ ಇದ್ದಿದ್ದರೆ ಅದು ಕಿವಿಗೆ ಬೀಳುತ್ತಿರಲಿಲ್ಲ. 60 ಕಿ.ಮೀ. ಮುಟ್ಟಿ ತಿರುಗುವವರೆಗೆ ಬರೆಯುವಂಥದ್ದು ಏನೂ ನಡೆಯಲಿಲ್ಲ, ಬಹಳ ಖುಷಿಯಾಗಿದ್ದೆ.

72ರಲ್ಲಿ ಹಿಂದಿನ ಚಕ್ರ ಮೆತ್ತಗಾಯಿತು. ಹೊಸ ಟ್ಯೂಬ್ ಹಾಕಿ ಹೊರಟರೆ ಎರಡು ಕಿಲೋಮೀಟರಿಗೇ ಮತ್ತೆ ಗಾಳಿ ಇಳಿಯಿತು. ಅವಸರದಲ್ಲಿ ಟೈರಿನ ಒಳಗೆ ನೋಡಿರಲಿಲ್ಲ. ಟೈರಿನ ಹೆಸರು ಬರೆದ ಜಾಗ ವಾಲ್ವಿನ ನೇರಕ್ಕೆ ಬರುವಂತೆ ಹಾಕುವುದನ್ನು ನಾಲ್ಕನೇ ವಾರ ರೂಢಿ ಮಾಡಿಕೊಂಡಿದ್ದೆ, ಅದು ಈಗ ಕೆಲಸಕ್ಕೆ ಬಂತು. ಟ್ಯೂಬಿನ ತೂತು ವಾಲ್ವಿನಿಂದ ಒಂದು ಗೇಣು ದೂರ. ಟೈರಿನಲ್ಲೂ ಅಷ್ಟೇ ದೂರ ಅಳೆದು ಒಳಗೆ ಬೆರಳಾಡಿಸಿದೆ. ಚುಳ್ಳೆಂದಿತು. ಕೂದಲಿಗಿಂತ ಸ್ವಲ್ಪ ದಪ್ಪದ, ಅಕ್ಕಿ ಕಾಳಿನಷ್ಟೂ ಉದ್ದವಿಲ್ಲದ ತಂತಿ. ಉಗುರಿನಲ್ಲಿ ಹಿಡಿದು ಎಳೆದೆ. ತೂತಿನ ಸುತ್ತ ಉಪ್ಪುಕಾಗದ ಉಜ್ಜಿ, ಸಲ್ಯೂಷನ್ ತೆಳುವಾಗಿ ಸವರಿ, ಅದು ಆರುವವರೆಗೆ ಕಾದು ಪ್ಯಾಚ್ ಒತ್ತಿದೆ. ಆ ಕಾಯುವುದೇ ಕಷ್ಟ, ಆದರೆ ಹಸಿ ಇರುವಾಗ ಅಂಟಿಸಿದರೆ ನಿಲ್ಲುವುದಿಲ್ಲ.

90ರ ನಂತರ ಎದುರುಗಾಳಿ ಎದ್ದಿತು. ಕಿರುಬೆರಳಿನಲ್ಲಿ ಸಣ್ಣಗೆ ಜುಮ್ ಅನಿಸಿದ ಕೂಡಲೇ ನಿಲ್ಲಿಸಿ, ಎರಡು ನಿಮಿಷ ಕೈ ಕೊಡವಿ, ಹಿಡಿತ ಬದಲಿಸಿದೆ. ಮೂರನೇ ವಾರದಲ್ಲಾಗಿದ್ದರೆ 'ಇನ್ನೇನು ಬಂತಲ್ಲ' ಅಂತ ತುಳಿಯುತ್ತಿದ್ದೆ. ಹೀಗೆ ನಾಲ್ಕು ಸಲ ನಿಂತೆ.

ಮನೆ ಸೇರಿದ್ದು ಮಧ್ಯಾಹ್ನ ಒಂದು ಗಂಟೆ ಹತ್ತಕ್ಕೆ. ಒಟ್ಟು 7 ಗಂಟೆ 40 ನಿಮಿಷ, ಅದರಲ್ಲಿ ತುಳಿದದ್ದು 6 ಗಂಟೆ 20 ನಿಮಿಷ. ಬಾಗಿಲಲ್ಲೇ ನಿಂತಿದ್ದ ಅಮ್ಮ ಮೊದಲು ಕೇಳಿದ್ದು, "ಕೈ ಹೇಗಿದೆಯೇ?" ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ.

ಮುಂದಿನದು

200 ಕಿ.ಮೀ. ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ಉದ್ದ ಸೈಕಲ್ ಸವಾರಿ. 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಇದೇ ವೇಗದಲ್ಲಿ ಹೋದರೆ ತುಳಿಯೋಕೆ ಹತ್ತೂವರೆ ಗಂಟೆ, ನಿಲ್ಲೋಕೆ ಮೂರು ಗಂಟೆ ಸಿಗುತ್ತದೆ. ರಾತ್ರಿ ಆ ಪ್ಯಾಚ್ ಹಾಕಿದ ಟ್ಯೂಬನ್ನು ಒತ್ತಿ ನೋಡಿದೆ, ಗಾಳಿ ಹಾಗೇ ಇದೆ. ಇನ್ನೊಂದು ಟ್ಯೂಬಿಗೆ ನಾಳೆ ಪ್ಯಾಚ್ ಹಾಕಬೇಕು.