ಗುಜರಿ ಭಾಗಗಳ ಕ್ರಾಲರ್: ಎಂಜಿನ್‌ಗೆ ಕೈ ಹಾಕುವ ಮುನ್ನ

ಹಳೇ ವಾಹನಗಳ ಭಾಗ ಜೋಡಿಸಿ ಮನೆಯಲ್ಲೇ ಕಟ್ಟಿದ ಕ್ರಾಲರ್ (ಚಕ್ರದ ಬದಲು ಕೊಂಡಿ ಜೋಡಿಸಿದ ಟ್ರ್ಯಾಕ್ ಮೇಲೆ ಓಡುವ ಗಾಡಿ) ರಿಪೇರಿಗೆ ಬಂದರೆ ಎಲ್ಲರ ಕೈ ಮೊದಲು ಹೋಗುವುದು ಎಂಜಿನ್ ಕಡೆಗೆ. ಎಂಜಿನ್ ಕಾಯಲಿ. ಕಾರಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅದು ಇಲ್ಲೂ ಮಾಡುತ್ತದೆ. ಡಿಫರೆನ್ಷಿಯಲ್ (ಎರಡೂ ಬದಿಗೆ ಬಲ ಹಂಚಿ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ), ಬ್ರೇಕು, ಆ್ಯಕ್ಸಲ್‌ಗಳ ಪಾಡು ಹಾಗಲ್ಲ.

ತೊಳೆಯುವ ಮೊದಲು ಟಾರ್ಚ್ ಹಿಡಿದು ಒಂದು ಸುತ್ತು ನೋಡಿ. ಬೋಲ್ಟ್ ತಲೆಯ ಸುತ್ತ ಕೆಂಗಂದು ಪುಡಿ ಕೂತಿದ್ದರೆ ಆ ಜೋಡಣೆ ಒಳಗೊಳಗೇ ಅಲುಗುತ್ತಿದೆ. ಪೇಂಟಿನ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅಡಿಯಲ್ಲಿ ಬಿರುಕಿರುವ ಸಂಭವ ಹೆಚ್ಚು. ನೀರು ಬಿಟ್ಟರೆ ಪುಡಿ ಹೋಗುತ್ತದೆ, ಹಾಗಾಗಿ ಮೊದಲು ಫೋಟೊ, ಆಮೇಲೆ ನೀರು.

ಇಂಥ ಗಾಡಿ ತಿರುಗುವುದು ಸಾಮಾನ್ಯವಾಗಿ ಡಿಫರೆನ್ಷಿಯಲ್‌ನಿಂದ. ಒಂದು ಬದಿಯ ಬ್ರೇಕ್ ಹಿಡಿದರೆ ಆ ಟ್ರ್ಯಾಕ್ ನಿಂತು, ಇನ್ನೊಂದು ಎರಡರಷ್ಟು ವೇಗದಲ್ಲಿ ಓಡುತ್ತದೆ. ಕಾರಿನಲ್ಲಿ ಒಳಗಿನ ಸ್ಪೈಡರ್ ಗೇರುಗಳು ತಿರುವಿನಲ್ಲಿ ಒಂದಿಷ್ಟು ಹೊರಳುತ್ತವೆ, ಅಷ್ಟೇ. ಇಲ್ಲಿ ಪ್ರತಿ ತಿರುವಿಗೂ ಪೂರ್ತಿ ಭಾರ ಹೊತ್ತು ಸುತ್ತಬೇಕು. ಆದ್ದರಿಂದ ಆ ಗೇರುಗಳ ಹಿಂದಿನ ಥ್ರಸ್ಟ್ ವಾಷರ್ ಮತ್ತು ಅವು ಸುತ್ತುವ ಅಡ್ಡ ಪಿನ್ನನ್ನು ಬಿಚ್ಚಿಯೇ ನೋಡಬೇಕು. ಪಿನ್ನಿನ ಮೇಲೆ ಉಗುರಿಗೆ ಸಿಗುವ ಮೆಟ್ಟಿಲಿದ್ದರೆ ಬದಲಿಸಿ. ಬ್ರೇಕ್ ಲೈನರ್ ಸುಡುವುದು ಪೂರ್ತಿ ಹಿಡಿದಾಗಲ್ಲ, ಅರ್ಧ ಹಿಡಿದು ಜಾರಿಸುವಾಗ. ಡ್ರಮ್ ನೀಲಿಗಟ್ಟಿದ್ದರೆ ಪಕ್ಕದ ಆಯಿಲ್ ಸೀಲನ್ನೂ ಹೊಸದು ಹಾಕಿ, ಇಲ್ಲವಾದರೆ ಹೊಸ ಲೈನರ್ ಮೇಲೆ ಗೇರ್ ಆಯಿಲ್ ಇಳಿಯುತ್ತದೆ.

ಎರಡು ಗೇರ್‌ಬಾಕ್ಸ್ ಸಾಲಾಗಿ ಕೂರಿಸಿದ್ದರೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಎರಡರಲ್ಲೂ ಮೊದಲ ಗೇರಿನ ಅನುಪಾತ 3.6 ಆದರೆ ಒಟ್ಟು ಸುಮಾರು 13 ಪಟ್ಟು, ಆ್ಯಕ್ಸಲ್‌ನ 4.1 ಸೇರಿದರೆ 53. ಅಂದರೆ ಡಿಫರೆನ್ಷಿಯಲ್‌ನಿಂದ ಒಂದೊಂದು ಬದಿಗೆ ಹೋಗುವ ಹಾಫ್ ಶಾಫ್ಟ್‌ಗೆ ಕಾರಿನಲ್ಲಿ ಬೀಳುತ್ತಿದ್ದುದರ 3.6 ಪಟ್ಟು ತಿರುಚು. ಕ್ಲಚ್ ಜಾರುವ ಮೊದಲೇ ಶಾಫ್ಟ್ ಮುರಿಯುವುದು ಇದಕ್ಕೇ. ಎರಡೂ ಒಟ್ಟಿಗೆ ಮೊದಲ ಗೇರಿಗೆ ಬೀಳದಂತೆ ಲಿವರ್‌ಗೆ ಒಂದು ತಡೆಪಟ್ಟಿ ಬೆಸೆದರೆ ಸಾಕು. ಕತ್ತರಿಸಿ ಬೆಸೆದು ಗಿಡ್ಡ ಮಾಡಿದ ಶಾಫ್ಟ್ ಸಿಕ್ಕರೆ ಮತ್ತೆ ಹಾಕಬೇಡಿ. ಗಟ್ಟಿ ಮಾಡಿದ ಉಕ್ಕು ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ. ಬೆಸೆಯುವ ಬದಲು ಬೇರೆ ಶಾಫ್ಟನ್ನು ಅಳತೆಗೆ ಕತ್ತರಿಸಿ, ತುದಿಗೆ ಹೊಸ ಸ್ಪ್ಲೈನ್ (ಉದ್ದುದ್ದ ಹಲ್ಲು) ಕೊರೆಸಿ.

ಈಗ ಟ್ರ್ಯಾಕ್. ಹೆಚ್ಚಿನ ತಪ್ಪು ಇಲ್ಲೇ ಆಗುವುದು. ಟ್ರ್ಯಾಕಿನ ಚೈನು ಸಡಿಲಾಯಿತೆಂದು ಒಂದು ಕೊಂಡಿ ತೆಗೆದರೆ ಬಿಗಿ ಬರುತ್ತದೆ, ಆದರೆ ಸವೆದ ಪಿನ್ನುಗಳಿಂದ ಹಿಗ್ಗಿದ ಪಿಚ್ (ಪಿನ್ನಿನಿಂದ ಪಿನ್ನಿಗೆ ಇರುವ ಅಂತರ) ಹಾಗೇ ಉಳಿಯುತ್ತದೆ. ಕೊಂಡಿಗಳು ಟ್ರ್ಯಾಕ್ ಓಡಿಸುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್‌ನ, ಹಲ್ಲಿನ ತುದಿಗೆ ಹತ್ತಿ, ಭಾರ ಬಿದ್ದಾಗ ಹಾರುತ್ತವೆ. ಚೈನನ್ನು ಎಳೆದು ಹಿಡಿದು 10 ಕೊಂಡಿ ಒಟ್ಟಿಗೆ ಅಳೆಯಿರಿ. 100 ಮಿ.ಮೀ. ಪಿಚ್‌ನ ಚೈನಿನಲ್ಲಿ 1,000 ಇರಬೇಕಾದ್ದು 1,030 ದಾಟಿದ್ದರೆ ಪಿನ್ನು, ಬುಷ್ ಎರಡೂ ಹೋದ ಹಾಗೆ. ಅಷ್ಟಾಗುವ ಮೊದಲು, ತಿರುಗದಂತೆ ಕೂರಿಸಿದ ಪಿನ್ನುಗಳನ್ನು 180 ಡಿಗ್ರಿ ತಿರುಗಿಸಿ ಹಾಕಿದರೆ ಸವೆಯದ ಮೈ ಕೆಲಸಕ್ಕೆ ಬರುತ್ತದೆ. ಹಲ್ಲು ಕೊಕ್ಕೆಯಂತೆ ಬಾಗಿದ ಸ್ಪ್ರಾಕೆಟ್‌ಗೆ ಹೊಸ ಚೈನು ಹಾಕುವುದು ದಂಡ.

ಟ್ರ್ಯಾಕ್ ಕಳಚಿ ಬೀಳುತ್ತದೆಂಬ ದೂರಿಗೆ ಬರೀ ಸಡಿಲವೇ ಕಾರಣ ಅಂದುಕೊಳ್ಳಬೇಡಿ. ಟ್ರ್ಯಾಕನ್ನು ಸಾಲಿನಲ್ಲಿ ಹಿಡಿಯುವ ಗೈಡ್ ಕೊಂಬುಗಳನ್ನು ನೋಡಿ: ಒಂದೇ ಮಗ್ಗುಲು ಕನ್ನಡಿಯಂತೆ ಹೊಳೆಯುತ್ತಿದ್ದರೆ ಮುಂದಿನ ಐಡ್ಲರ್ (ಟ್ರ್ಯಾಕ್ ಸುತ್ತಿ ಬರುವ, ಎಂಜಿನ್ ಬಲವಿಲ್ಲದ ಚಕ್ರ) ಓರೆಯಾಗಿದೆ, ಅಥವಾ ಚಾಸಿಯೇ ಸೊಟ್ಟಗಿದೆ. ಸ್ಪ್ರಾಕೆಟ್‌ನಿಂದ ಐಡ್ಲರ್‌ವರೆಗೆ ದಾರ ಎಳೆದು, ಚಾಸಿಯ ಕರ್ಣಗಳನ್ನೂ ಅಳೆಯಿರಿ. ಬಿರುಕಿದ್ದಲ್ಲಿ ಅದರ ತುದಿಗೆ 5 ಮಿ.ಮೀ. ತೂತು ಕೊರೆದು, ವಿ ಆಕಾರದ ತೋಡು ತೆಗೆದು, ಒಲೆಯಲ್ಲಿ ಒಣಗಿಸಿದ 7018 ವೆಲ್ಡಿಂಗ್ ರಾಡ್‌ನಿಂದ ಬೆಸೆಯಿರಿ. ಬಿರುಕಿನ ಮೇಲೆ ಸುಮ್ಮನೆ ಪಟ್ಟಿ ಹಚ್ಚಿದರೆ ಅದು ಪಟ್ಟಿಯ ಅಂಚಿನಲ್ಲಿ ಮತ್ತೆ ಹುಟ್ಟುತ್ತದೆ.

ಎಲ್ಲ ಜೋಡಿಸಿದ ಮೇಲೆ ಹಿಂದೆ-ಮುಂದೆ, ಎಡ-ಬಲ ಹತ್ತು ನಿಮಿಷ ಓಡಿಸಿ. ಟ್ರ್ಯಾಕಿನ ಜೋಲು ಎರಡೂ ಬದಿ ಒಂದೇ ಇದೆಯೇ ನೋಡಿ, ಬಿಗಿ ಹೆಚ್ಚಿದ್ದ ಕಡೆಗೆ ಗಾಡಿ ಎಳೆಯುತ್ತದೆ. ಆಮೇಲೆ ಡಿಫರೆನ್ಷಿಯಲ್‌ನ ಡ್ರೈನ್ ಬೋಲ್ಟ್ ಬಿಚ್ಚಿ. ಆಯಿಲ್‌ನಲ್ಲಿ ಸಣ್ಣ ಮಿನುಗು ಇದ್ದರೆ ಆಯಿಲ್ ಬದಲಿಸಿದರಾಯಿತು. ಬೆರಳಿಗೆ ಚೂರು ಚುಚ್ಚಿದರೆ ಮತ್ತೆ ಬಿಚ್ಚಬೇಕು.